ಮೆಶ್ ಜಾಕೆಟ್ಟೋ, ಮೂರು ಪದರದ್ದೋ, ಚರ್ಮದ್ದೋ? ಬೂಟು ಗಿಡ್ಡವೋ, ಉದ್ದವೋ?

ರೈಡಿಂಗ್ ಜಾಕೆಟ್ ತಗೊಳ್ಳಬೇಕು ಅಂತಿರುವವರು ಮೊದಲು ಕೇಳುವುದು ಕಂಪನಿ ಹೆಸರು. ನಾನು ತಿರುಗಿ ಕೇಳುವುದು ಬೇರೆ: ಯಾವ ಕಡೆ ಓಡಿಸುತ್ತೀರಿ, ಯಾವ ತಿಂಗಳಲ್ಲಿ? ಏಪ್ರಿಲ್‌ನಲ್ಲಿ ಬಳ್ಳಾರಿಗೆ ಹೋಗುವವರಿಗೂ ಜುಲೈನಲ್ಲಿ ಆಗುಂಬೆ ಘಾಟಿ ಇಳಿಯುವವರಿಗೂ ಒಂದೇ ಜಾಕೆಟ್ ಸರಿಹೋಗುವುದಿಲ್ಲ. ಕಂಪನಿಗಳ ಮಾಡೆಲ್ ಆಗಾಗ ಬದಲಾಗುತ್ತಲೇ ಇರುತ್ತದೆ. ಬಟ್ಟೆಯ ಗುಣ ಬದಲಾಗುವುದಿಲ್ಲ. ಹಾಗಾಗಿ ಇಲ್ಲಿ ಹೆಸರು ಬಿಟ್ಟು, ನಾನು ಹಾಕಿ ನೋಡಿದ ಬಗೆಗಳನ್ನಷ್ಟೇ ಹೋಲಿಸುತ್ತೇನೆ. ಗಾಡಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411, ವಾಸ ಬೆಂಗಳೂರು. ಚರ್ಮದ ಜಾಕೆಟ್ ಮತ್ತು ಒಂದು ಜೊತೆ ಬೂಟು ಭಾವನಿಂದ ಇಸಕೊಂಡಿದ್ದು, ಉಳಿದದ್ದೆಲ್ಲ ಸ್ವಂತ ದುಡ್ಡಿನದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜಾಕೆಟ್‌ಗೂ ಬೂಟಿಗೂ ನನ್ನ ಲೆಕ್ಕ ಉಲ್ಟಾ. ಜಾಕೆಟ್‌ನಲ್ಲಿ ಗಟ್ಟಿತನ ಒಂದು ಮೆಟ್ಟಿಲು ಕಡಿಮೆಯಾದರೂ ಪರವಾಗಿಲ್ಲ, ಗಾಳಿ ಆಡಬೇಕು. ಬೂಟಿನಲ್ಲಿ ಹಿತ ಕಡಿಮೆಯಾದರೂ ಪರವಾಗಿಲ್ಲ, ಗಟ್ಟಿ ಇರಬೇಕು. ಜಾಕೆಟ್‌ನ ಸೆಕೆ ಎಷ್ಟು ದಿನ ಹಾಕಿದರೂ ಕಡಿಮೆಯಾಗುವುದಿಲ್ಲ. ಕೊನೆಗೆ "ಇಲ್ಲೇ ಹತ್ತಿರ ಅಲ್ವಾ" ಅಂತ ಅದನ್ನು ಗೂಟಕ್ಕೆ ನೇತುಹಾಕಿ ಹೊರಡುತ್ತೇವೆ. ಬೂಟಿನ ಬಿಗಿತ ಹಾಗಲ್ಲ, ನಾಲ್ಕು ಸಲ ಹಾಕಿದರೆ ತಾನೇ ಸಡಿಲವಾಗುತ್ತದೆ.

ಮೆಶ್ ಜಾಕೆಟ್‌ನಿಂದ ಶುರು ಮಾಡೋಣ. ಎದೆ, ಬೆನ್ನು, ತೋಳಿನ ಒಳಭಾಗದಲ್ಲಿ ಜಾಲರಿ ಬಟ್ಟೆ. ಒಳ್ಳೆಯದಾದರೆ ಭುಜ, ಮೊಣಕೈ ಜಾಗದಲ್ಲಿ ಮಾತ್ರ 600ಡಿ ಪಾಲಿಯೆಸ್ಟರ್ (ಡಿ ಅಂದರೆ ಡೆನಿಯರ್, ನೂಲಿನ ದಪ್ಪದ ಅಳತೆ) ಅಥವಾ ಕಾರ್ಡುರಾ ಅನ್ನುವ ಗಟ್ಟಿ ನೈಲಾನ್ ಹಾಕಿರುತ್ತಾರೆ. ಅಗ್ಗದ್ದರಲ್ಲಿ ಭುಜದ ಮೇಲೂ ಜಾಲರಿಯೇ ಇರುತ್ತದೆ. ಅಂಥದ್ದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಬಿದ್ದಾಗ ಮೊದಲು ನೆಲಕ್ಕೆ ಉಜ್ಜುವುದು ಆ ಜಾಗಗಳೇ.

ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಾಗ ಮೆಶ್ ಜಾಕೆಟ್ಟೂ ಸೆಕೆಯೇ, ಅದರಲ್ಲಿ ಮೋಸವಿಲ್ಲ. ಗಾಡಿ ಹೊರಟಮೇಲೆ ವ್ಯತ್ಯಾಸ ಗೊತ್ತಾಗುತ್ತದೆ. ಬೆವರು ಒಂದೇ ನಿಮಿಷದಲ್ಲಿ ಆರಿ ಬೆನ್ನು ತಣ್ಣಗಾಗುತ್ತದೆ. ಆದರೆ ಹಿರಿಯೂರು ದಾಟಿ ಚಳ್ಳಕೆರೆ ಮೇಲೆ ಬಳ್ಳಾರಿ ಕಡೆ ಬೇಸಿಗೆ ಮಧ್ಯಾಹ್ನ ಓಡಿಸಿದರೆ ಈ ಲೆಕ್ಕ ಸ್ವಲ್ಪ ತಪ್ಪುತ್ತದೆ. ಗಾಳಿಯ ಬಿಸಿ 40 ಡಿಗ್ರಿ ಆದಾಗ ಅದು ನಮ್ಮ ಚರ್ಮಕ್ಕಿಂತ ಬಿಸಿ. ಆಗ ಬರೀ ಗಾಳಿ ಬೀಸಿದರೆ ತಂಪಾಗುವುದಿಲ್ಲ, ಮೈ ಇನ್ನೂ ಕಾಯುತ್ತದೆ. ತಂಪು ಮಾಡುವುದು ಬೆವರು ಆರುವುದು ಮಾತ್ರ. ಬೆವರೋ ನಮಗೆ ಗೊತ್ತಾಗುವ ಮೊದಲೇ ಹಾರಿಹೋಗಿ ಬಾಯಿ ಒಣಗಿರುತ್ತದೆ. ಅಲ್ಲಿ ನಾನು ಮಾಡುವುದು ಇಷ್ಟೇ: ಪೆಟ್ರೋಲ್ ಬಂಕ್‌ನ ನಲ್ಲಿಯಲ್ಲಿ ಟೀ ಶರ್ಟ್ ಪೂರ್ತಿ ನೆನೆಸಿ, ಹಿಂಡಿ, ಅದರ ಮೇಲೆ ಮೆಶ್ ಹಾಕಿ, ಮುಂದಿನ ಜಿಪ್ ಅರ್ಧ ಎಳೆದುಕೊಂಡು ಹೊರಡುವುದು. ಮುಂದಿನ ಚಹಾ ನಿಲ್ದಾಣದವರೆಗೆ ಸಾಕು. ಉಪ್ಪು ಹಾಕಿದ ಮಜ್ಜಿಗೆ ಬೇರೆ.

ಮೆಶ್‌ಗೆ ಎರಡು ಕೊರತೆ. ಡಿಸೆಂಬರ್ ಬೆಳಗಿನ ಜಾವ ಚಿತ್ರದುರ್ಗದ ಗಾಳಿಯಂತ್ರಗಳ ಸಾಲು ಕಾಣುವ ಹೊತ್ತಿಗೆ ಹಲ್ಲು ಕಟಕಟ ಅನ್ನುತ್ತದೆ. ಮಳೆ ಬಂದರೆ ಜಾಲರಿ ಏನನ್ನೂ ತಡೆಯುವುದಿಲ್ಲ. ಎರಡಕ್ಕೂ ಔಷಧ ಒಂದೇ, ಮೇಲೆ ಹಾಕಿಕೊಳ್ಳುವ ದೊಗಳೆ ರೇನ್ ಜಾಕೆಟ್. ಎರಡರಿಂದ ಮೂರು ಸಾವಿರಕ್ಕೆ ಸಿಗುತ್ತದೆ, ಮಡಚಿದರೆ ಟ್ಯಾಂಕ್ ಬ್ಯಾಗಿನ ಮೂಲೆಯಲ್ಲಿ ಕೂರುತ್ತದೆ. ಚಳಿಗಾಳಿಗೂ ಅದೇ ತಡೆ.

ಇನ್ನು ಮೂರು ಪದರದ ಜಾಕೆಟ್. ಹೊರಗೆ ದಪ್ಪ ಬಟ್ಟೆ, ಒಳಗೆ ಜಿಪ್ ಹಾಕಿ ಜೋಡಿಸುವ ರೇನ್ ಲೈನರ್, ಅದರೊಳಗೆ ಚಳಿಯ ಲೈನರ್. ಅಂಗಡಿಯಲ್ಲಿ "ಸರ್, ಮೂರೂ ಕಾಲಕ್ಕೆ ಒಂದೇ ಸಾಕು" ಅಂತ ತೋರಿಸುತ್ತಾರೆ. ಕೇಳಲು ಚೆಂದ. ನಾನು ಇದನ್ನು ಪೂರ್ತಿ ಪರೀಕ್ಷೆ ಮಾಡಿದ್ದು ಮಳೆಗಾಲದ ಚಾರ್ಮಾಡಿಯಲ್ಲಿ. ಮೊದಲ ತೊಂದರೆ ಮಳೆ ಹನಿ ಬಿದ್ದ ಕೂಡಲೇ ಶುರು. ಒಳಗಿನ ಲೈನರ್ ಸೇರಿಸಬೇಕಾದರೆ ಜಾಕೆಟ್ ಬಿಚ್ಚಬೇಕು. ಘಾಟಿ ತಿರುವಿನಲ್ಲಿ ನಿಂತು, ತೋಳಿನ ತುದಿಯ ಪುಟ್ಟ ಬಟನ್ ಹುಡುಕಿ, ಜಿಪ್ ಹಲ್ಲು ಕೂಡಿಸುವಷ್ಟರಲ್ಲಿ ಟೀ ಶರ್ಟ್ ನೆನೆದಿರುತ್ತದೆ.

ದೊಡ್ಡ ತೊಂದರೆ ಅದಲ್ಲ. ಲೈನರ್ ಒಳಗಿರುವುದರಿಂದ ನೀರು ಹೊರಬಟ್ಟೆಯನ್ನು ದಾಟಿಯೇ ನಿಲ್ಲುತ್ತದೆ. ಅಂದರೆ ಹೊರಬಟ್ಟೆ ತೊಯ್ದು ತೊಪ್ಪೆಯಾಗುತ್ತದೆ. ಮುಂದಿನ ಜೇಬಿನಲ್ಲಿದ್ದ ನೋಟುಗಳು ಅಂಟಿಕೊಂಡವು. ಒದ್ದೆ ಬಟ್ಟೆಗೆ ಗಾಳಿ ಬಡಿದು ಮೈ ಚಳಿಯಿಂದ ನಡುಗುತ್ತದೆ. ಲೈನರ್ ಎಷ್ಟೇ ಉಸಿರಾಡುವಂಥದ್ದು ಅಂತ ಹೇಳಿದ್ದರೂ, ಹೊರಗಿನ ಬಟ್ಟೆ ನೀರು ಕುಡಿದ ಮೇಲೆ ಒಳಗಿನ ಬೆವರಿನ ಆವಿಗೆ ಹೋಗಲು ದಾರಿ ಇರುವುದಿಲ್ಲ. ಕೊಟ್ಟಿಗೆಹಾರದಲ್ಲಿ ನೀರ್‌ದೋಸೆಗೆ ಕೂತಾಗ ಕುರ್ಚಿ ಕೆಳಗೆ ನೀರಿನ ಮಡು. ಹೋಂಸ್ಟೇಯ ಅಜ್ಜಿ ಜಾಕೆಟ್ ಎತ್ತಿ ಭಾರ ನೋಡಿ ಒಂದೇ ಮಾತು ಹೇಳಿದರು: "ಗೊರಬು ಹಾಕ್ಕಂಡಿದ್ರೆ ಇಷ್ಟು ನೆನೀತಿರ್ಲಿಲ್ಲ ಮಾರಾಯ್ರೆ." ಗೊರಬು ಅಂದರೆ ಮಲೆನಾಡಿನಲ್ಲಿ ಮಳೆಗೆ ತಲೆ, ಬೆನ್ನಿನ ಮೇಲೆ ಹಾಕಿಕೊಳ್ಳುವ ಎಲೆಯ ಹೊದಿಕೆ. ನಗು ಬಂತು. ಆದರೆ ಅಜ್ಜಿ ಹೇಳಿದ್ದು ನೂರಕ್ಕೆ ನೂರು ಸರಿ. ನೀರನ್ನು ಎಲ್ಲಕ್ಕಿಂತ ಹೊರಗೇ ತಡೆಯಬೇಕು, ಮೈಗೆ ಅಂಟಿದ ಕಡೆ ಅಲ್ಲ. ಮಲೆನಾಡಿನ ಜುಲೈಯಲ್ಲಿ ಆ ಜಾಕೆಟ್ ರಾತ್ರಿಯಿಡೀ ಬಚ್ಚಲೊಲೆ ಇರುವ ಕೋಣೆಯಲ್ಲಿ ನೇತಾಡಿದರೂ ಬೆಳಿಗ್ಗೆ ತೋಳು ಹಸಿಯೇ ಇತ್ತು. ಒಲೆಗೆ ತೀರಾ ಹತ್ತಿರ ಇಡುವಂತೆಯೂ ಇಲ್ಲ, ನೈಲಾನ್ ಸುಟ್ಟುಹೋಗುತ್ತದೆ.

ನೀರು ತಡೆಯುವ ಪೊರೆಯನ್ನು ಹೊರಬಟ್ಟೆಗೇ ಅಂಟಿಸಿದ ಜಾಕೆಟ್‌ಗಳಿವೆ, ಗೋರ್‌ಟೆಕ್ಸ್ ಲ್ಯಾಮಿನೇಟ್ ಥರದವು. ಅವಕ್ಕೆ ಈ ರೋಗ ಇಲ್ಲ. ಆದರೆ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ, ಬಿಸಿಲಿನಲ್ಲಿ ಸೆಕೆಯೂ ಜಾಸ್ತಿ. ಮೂರು ಪದರದ್ದು ಗೆಲ್ಲುವ ಜಾಗ ಒಂದೇ: ಮನಾಲಿಯಿಂದ ಲೇಹ್ ದಾರಿಯಂಥ ಕಡೆ. ಬೆಳಿಗ್ಗೆ ಕೊರೆಯುವ ಚಳಿ, ಮಧ್ಯಾಹ್ನ ಸುಡುವ ಬಿಸಿಲು, ಮಳೆ ಅಪರೂಪ. ಲಡಾಖ್‌ಗೆ ಹೋಗುವವರು ತಗೊಳ್ಳಲಿ. ಕೊಡಗು, ಚಿಕ್ಕಮಗಳೂರು, ಉಡುಪಿ ಅಂತ ತಿರುಗುವವರಿಗೆ ಮೆಶ್ ಮತ್ತು ಮೇಲಿನ ರೇನ್ ಜಾಕೆಟ್ಟೇ ಸರಿ ಅಂತ ನನ್ನ ತೀರ್ಮಾನ.

ಚರ್ಮದ್ದು ಬೇಗ ಹೇಳಿ ಮುಗಿಸುತ್ತೇನೆ. 1.2 ಮಿಲಿಮೀಟರ್ ಆಸುಪಾಸಿನ ದನದ ಚರ್ಮ ರಸ್ತೆಗೆ ಉಜ್ಜಿದಾಗ ತಡೆದಷ್ಟು ಮಾಮೂಲಿ ಬಟ್ಟೆ ತಡೆಯುವುದಿಲ್ಲ. ಮೈಗೆ ಒಗ್ಗಿದ ಮೇಲೆ ಅದರ ಆರ್ಮರ್, ಅಂದರೆ ಪೆಟ್ಟು ತಡೆಯಲು ಒಳಗೆ ಕೂರಿಸಿದ ಪ್ಯಾಡ್, ಕದಲುವುದೂ ಇಲ್ಲ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್‌ನಂಥ ಕಡೆ ಅದೇ ಬೇಕು. ಆದರೆ ಭಾವನ ಜಾಕೆಟ್ ಮಳೆಗಾಲದಲ್ಲಿ ಬೀರುವಿನೊಳಗೇ ಬೂಸ್ಟು ಹಿಡಿಯಿತು, ಬೆಂಗಳೂರು ಟ್ರಾಫಿಕ್‌ನಲ್ಲಿ ಅದನ್ನು ಹಾಕಿ ಅರ್ಧ ಗಂಟೆ ನಿಲ್ಲುವುದು ನನ್ನಿಂದಾಗಲಿಲ್ಲ. ಇನ್ನೊಂದು ವಿಷಯ: ಸಿನಿಮಾ ಹೀರೋ ಥರ ಕಾಣುವ ತೆಳು ಕುರಿ ಚರ್ಮದ ಫ್ಯಾಷನ್ ಜಾಕೆಟ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಅದರ ಹೊಲಿಗೆ ಮೊದಲ ಉಜ್ಜಿಗೇ ಬಿಟ್ಟುಕೊಳ್ಳುತ್ತದೆ.

ಲೇಬಲ್ ಓದುವುದು ಕಲಿತರೆ ಅಂಗಡಿಯಲ್ಲಿ ಅರ್ಧ ಕೆಲಸ ಮುಗಿಯಿತು. ನಮ್ಮಲ್ಲಿ ಹೆಲ್ಮೆಟ್‌ಗೆ ಐಎಸ್ಐ ಗುರುತು ಕಡ್ಡಾಯ, ರೈಡಿಂಗ್ ಜಾಕೆಟ್‌ಗೆ ಅಂಥದ್ದಿಲ್ಲ. ಆದ್ದರಿಂದ ಎಲ್ಲರೂ ಯುರೋಪಿನ ಸಿಇ ಗುರುತು ತೋರಿಸುತ್ತಾರೆ. ಆದರೆ ಎಷ್ಟೋ ಜಾಕೆಟ್‌ಗಳಲ್ಲಿ ಆ ಸಿಇ ಒಳಗಿನ ಆರ್ಮರ್‌ಗೆ ಮಾತ್ರ ಸಿಕ್ಕಿದ್ದು, ಜಾಕೆಟ್‌ಗಲ್ಲ. ಜಾಕೆಟ್‌ಗೇ ಪರೀಕ್ಷೆ ಆಗಿದ್ದರೆ ಇಎನ್ 17092 ಅಂತ ಇರುತ್ತದೆ (ಇಎನ್ ಅಂದರೆ ಯುರೋಪಿನ ಮಾನದಂಡ), ಜೊತೆಗೆ ಎ, ಎಎ ಅಥವಾ ಎಎಎ. ಭುಜ, ಮೊಣಕೈ ಜಾಗದ ಬಟ್ಟೆಯನ್ನು ಯಂತ್ರದಲ್ಲಿ ಉಜ್ಜುವ ವೇಗ ಎ ದರ್ಜೆಗೆ ಗಂಟೆಗೆ 45 ಕಿ.ಮೀ., ಎಎಗೆ 70, ಎಎಎಗೆ 120. ಮೆಶ್ ಹೆಚ್ಚಾಗಿ ಎ ದರ್ಜೆಯಲ್ಲೇ ನಿಲ್ಲುತ್ತದೆ. ಎಎ ಸಿಕ್ಕಿದರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ತಗೊಳ್ಳಿ.

ಆರ್ಮರ್‌ದು ಬೇರೆ ಸಂಖ್ಯೆ. ಭುಜ, ಮೊಣಕೈಗೆ ಇಎನ್ 1621-1. ಪೆಟ್ಟಿನಲ್ಲಿ ಒಳಕ್ಕೆ ದಾಟುವ ಬಲ ಸರಾಸರಿ 35 ಕಿಲೋನ್ಯೂಟನ್ ಒಳಗಿದ್ದರೆ ಲೆವೆಲ್ 1, 20ರ ಒಳಗಿದ್ದರೆ ಲೆವೆಲ್ 2. ಬೆನ್ನಿಗೆ ಇಎನ್ 1621-2, ಅಲ್ಲಿ ಮಿತಿ 18 ಮತ್ತು 9. ಕಡಿಮೆ ಬೆಲೆಯ ಜಾಕೆಟ್‌ಗಳಲ್ಲಿ ಬೆನ್ನಿಗೆ ಸುಮ್ನೆ ಸ್ಪಂಜು ಹಾಕಿರುತ್ತಾರೆ. ಜೇಬಿಗೆ ಕೈ ಹಾಕಿ ಹೊರಗೆಳೆದು ನೋಡಿ. ಇನ್ನೊಂದು ಗುರುತು ನಮ್ಮ ಉತ್ತರ ಕರ್ನಾಟಕದವರಿಗೆ ಮುಖ್ಯ: ಟಿ ಪ್ಲಸ್. ಅದಿದ್ದರೆ 40 ಡಿಗ್ರಿ ಬಿಸಿಯಲ್ಲೂ ಪರೀಕ್ಷೆ ಪಾಸಾಗಿದೆ ಎಂದರ್ಥ. ಮೆತ್ತನೆಯ ಆರ್ಮರ್ ಬಿಸಿಲಿಗೆ ಇನ್ನೂ ಮೆತ್ತಗಾಗುತ್ತದಲ್ಲ, ಅದಕ್ಕೆ.

ಇಷ್ಟೆಲ್ಲ ಇದ್ದೂ ಆರ್ಮರ್ ಜಾಗದಲ್ಲಿ ಕೂರದಿದ್ದರೆ ದಂಡ. ಗಾಡಿ ಮೇಲೆ ಕೂತ ಹಾಗೆ ಕೈ ಮುಂದೆ ಚಾಚಿ, ಇನ್ನೊಬ್ಬರಿಗೆ ನಿಮ್ಮ ಮೊಣಕೈ ಪ್ಯಾಡ್ ಹಿಡಿದು ತಿರುಗಿಸಲು ಹೇಳಿ. ಅದು ಪಕ್ಕಕ್ಕೆ ಸರಿದರೆ ಸೈಜು ದೊಡ್ಡದು. ಮೆಶ್‌ನಲ್ಲಿ ಈ ತೊಂದರೆ ಜಾಸ್ತಿ, ಬಟ್ಟೆ ತೆಳು. ತೋಳಿನ ಪಟ್ಟಿ ಬಿಗಿದರೂ ನಿಲ್ಲದಿದ್ದರೆ ಒಂದು ಸೈಜು ಕೆಳಗಿನದು ಹಾಕಿ ನೋಡಿ. ಹಿಂದೆ ಕೂರುವವರಿಗೂ ಇದೇ ಮಾತು. ನಮ್ಮಲ್ಲಿ ಓಡಿಸುವವರಿಗೆ ಆರ್ಮರ್, ಹಿಂದಿನವರಿಗೆ ದುಪಟ್ಟಾ!

ಬೂಟಿಗೆ ಬರೋಣ. ಇಲ್ಲೂ ಮೂರು ಬಗೆ ಹಾಕಿ ನೋಡಿದ್ದೇನೆ: ಸ್ನೀಕರ್ ಥರ ಕಾಣುವ ಗಿಡ್ಡ ರೈಡಿಂಗ್ ಶೂ, ಮೊಣಕಾಲಿನ ಕೆಳಗಿನವರೆಗೆ ಬರುವ ಉದ್ದ ಬೂಟು, ಮತ್ತೆ ಪೀಣ್ಯದಲ್ಲಿ ಕೆಲಸ ಮಾಡುವ ಭಾವ ಗಾಡಿ ಓಡಿಸುವಾಗಲೂ ಹಾಕುವ ಫ್ಯಾಕ್ಟರಿ ಸೇಫ್ಟಿ ಶೂ. ಕೊನೆಯದನ್ನು ಹಗುರಾಗಿ ನೋಡಬೇಡಿ. ಅದರ ಬೆರಳಿನ ಟೋಪಿ 200 ಜೂಲ್ ಪೆಟ್ಟು ತಡೆಯುವಂತೆ ಪರೀಕ್ಷೆ ಆಗಿರುತ್ತದೆ, ಎಣ್ಣೆ ಬಿದ್ದ ನೆಲದಲ್ಲೂ ಚೆನ್ನಾಗಿ ಹಿಡಿಯುತ್ತದೆ, ಬೆಲೆಯೂ ಕಡಿಮೆ. ಆದರೆ ಹರಡಿನ ಕೆಳಗೇ ಮುಗಿಯುತ್ತದೆ. ಜಾರಿ ಬಿದ್ದರೆ ಶೂ ಕಾಲಿನಿಂದ ಕಳಚಿ ಹೋಗಬಹುದು. ಮೂಗು ದಪ್ಪ ಇರುವುದರಿಂದ ಗೇರ್ ಲಿವರ್ ಅಡಿಗೆ ಹೋಗುವುದಿಲ್ಲ. ಹಿಮ್ಮಡಿಯಿಂದ ಗೇರ್ ಹಾಕುವ ಕ್ಲಾಸಿಕ್ 350ಯಲ್ಲಿ ಹೇಗೋ ನಡೆಯುತ್ತದೆ, ನನ್ನ ಗಾಡಿಯಲ್ಲಿ ಎರಡನೇ ಗೇರ್‌ಗೆ ಒದ್ದಾಡಿದೆ.

ಗಿಡ್ಡ ಶೂ ಆಫೀಸಿಗೆ ಹೇಳಿ ಮಾಡಿಸಿದ್ದು. ಹರಡಿನ ಎರಡೂ ಕಡೆ ಗಟ್ಟಿ ಬಿಲ್ಲೆ, ಗೇರ್ ತಾಗುವ ಜಾಗಕ್ಕೆ ರಬ್ಬರ್ ತುಂಡು, ನಡೆಯಲು ಆರಾಮ. ಬೇಲೂರು, ಹಳೇಬೀಡು, ಶೃಂಗೇರಿ ಅಂತ ದೇವಸ್ಥಾನದ ಪ್ರವಾಸವಾದರೆ ಇದೇ ರಾಜ. ಪ್ರತಿ ಬಾಗಿಲಲ್ಲೂ ಬಿಚ್ಚಿ ಹಾಕಬೇಕಲ್ಲ! ಉದ್ದ ಬೂಟಿನ ಬಕಲ್‌ಗಳನ್ನು ಬಿಸಿಲು ಕಲ್ಲಿನ ಮೇಲೆ ಕೂತು ಒಂದೊಂದಾಗಿ ತೆಗೆಯುವ ಹೊತ್ತಿಗೆ ಜೊತೆಗೆ ಬಂದವರು ದರ್ಶನ ಮುಗಿಸಿ ಬಂದಿದ್ದರು. ಲೇಸ್ ಇರುವ ಶೂ ಆದರೆ ತುದಿಯನ್ನು ಒಳಗೆ ಸಿಕ್ಕಿಸಿ. ಎಡಗಾಲಿನ ಕುಣಿಕೆ ಗೇರ್ ಲಿವರ್‌ಗೆ ಸಿಕ್ಕಿದರೆ ಸಿಗ್ನಲ್‌ನಲ್ಲಿ ಕಾಲು ಕೆಳಗೆ ಬರುವುದಿಲ್ಲ.

ಆದರೂ ಊರು ಬಿಟ್ಟು ಹೊರಟರೆ ನಾನು ಹಾಕುವುದು ಉದ್ದ ಬೂಟು. ಹಿಮಾಲಯನ್ ತೂಕ 199 ಕಿಲೋ. ಕಾಲಿಗೆ ಪೆಟ್ಟಾಗಲು ವೇಗವೇ ಬೇಕೆಂದಿಲ್ಲ. ಮೂಡಿಗೆರೆ ಕಡೆಯ ಒಂದು ಪಾಚಿ ಕಟ್ಟಿದ ಇಳಿಜಾರಿನಲ್ಲಿ ಗಾಡಿ ನಿಂತಲ್ಲೇ ಒರಗಿ, ಕಾಲು ಅಡಿಗೆ ಸಿಕ್ಕಿತು. ಬೂಟಿನ ಹರಡಿನ ಪ್ಲಾಸ್ಟಿಕ್ ಬಟ್ಟಲ ಮೇಲೆ ಉದ್ದಕ್ಕೆ ಗೀರು ಬಿತ್ತು, ಕಾಲು ಹಾಗೇ ಹೊರಬಂತು. ಗಿಡ್ಡ ಶೂನ ಬಿಲ್ಲೆ ಪಕ್ಕದ ಪೆಟ್ಟನ್ನು ತಡೆಯುತ್ತದೆ ನಿಜ, ಆದರೆ ಪಾದ ತಿರುಚುವುದನ್ನು ತಡೆಯುವುದಿಲ್ಲ. ಅದಕ್ಕೆ ಮೀನಖಂಡದವರೆಗೆ ಹಿಡಿದಿಡುವ ಎತ್ತರವೇ ಬೇಕು.

ಬೂಟಿನ ಲೇಬಲ್ ಇಎನ್ 13634. ನಾಲ್ಕು ಅಂಕಿ ಇರುತ್ತವೆ, ಪ್ರತಿಯೊಂದೂ 1 ಅಥವಾ 2. ಕ್ರಮವಾಗಿ ಎತ್ತರ, ಉಜ್ಜುವಿಕೆ, ಕೊಯ್ತ, ಅಡ್ಡ ಒತ್ತಡ. ನಾನು ಮೊದಲು ನೋಡುವುದು ನಾಲ್ಕನೆಯದು. ಗಾಡಿ ಕಾಲಿನ ಮೇಲೆ ಬಿದ್ದಾಗ ಅಟ್ಟೆ ಅಡ್ಡಕ್ಕೆ ಮಡಚಿಕೊಳ್ಳದೆ ಪಾದವನ್ನು ಕಾಯುವುದು ಅದು. ಲೇಬಲ್ ಇಲ್ಲದ ಬೂಟಾದರೆ ಎರಡೂ ಕೈಯಲ್ಲಿ ಅಟ್ಟೆಯ ನಡುಭಾಗ ಹಿಡಿದು ಹಿಂಡಿ ನೋಡಿ. ಬಟ್ಟೆ ಹಿಂಡಿದಂತೆ ಬಂದರೆ ಬೇಡ.

ಉದ್ದ ಬೂಟು ಮೊದಲ ದಿನ ಕಷ್ಟವೇ. ಹಿಂದಿನ ಬ್ರೇಕ್ ಎಷ್ಟು ಒತ್ತಿದೆ ಅಂತ ಕಾಲಿಗೆ ತಿಳಿಯುವುದಿಲ್ಲ, ಗೇರ್ ಲಿವರ್ ಸಿಗುವುದಿಲ್ಲ. ಮೆಕ್ಯಾನಿಕ್ ಹತ್ತಿರ ಲಿವರ್ ಸ್ವಲ್ಪ ಎತ್ತರಿಸಿಕೊಂಡರೆ ಆಯಿತು. ದಪ್ಪ ಅಟ್ಟೆಯಿಂದ ಒಂದು ಲಾಭ, 800 ಮಿಲಿಮೀಟರ್ ಸೀಟಿನ ಮೇಲೆ ಕೂತ ಗಿಡ್ಡ ಜನರಿಗೂ ನೆಲ ಸಲೀಸಾಗಿ ಎಟಕುತ್ತದೆ.

ನೀರು ತಡೆಯುವ ಬೂಟಿಗೆ ಲೇಬಲ್‌ನಲ್ಲಿ ಡಬ್ಲ್ಯುಆರ್ ಅಂತ ಇರುತ್ತದೆ. ಬೂಟಿನ ಮೇಲ್ಬಾಯಿಯಿಂದ ನೀರು ಇಳಿಯಿತೋ, ಒಳಗೇ ನಿಂತುಬಿಡುತ್ತದೆ. ಹಾಗಾಗಿ ರೇನ್ ಪ್ಯಾಂಟ್ ಬೂಟಿನೊಳಗೆ ಸಿಕ್ಕಿಸಬೇಡಿ, ಬೂಟಿನ ಹೊರಗೆ ಇಳಿಬಿಡಿ. ಮೊಣಕಾಲುದ್ದದ ಹಳ್ಳ ದಾಟುವವರಿಗೆ ಡಬ್ಲ್ಯುಆರ್ ಇಲ್ಲದ್ದೇ ವಾಸಿ, ತುಂಬಿದ ನೀರು ಇಳಿದಾದರೂ ಹೋಗುತ್ತದೆ. ಇಂಬಳದ ವಿಷಯದಲ್ಲಿ ಯಾವ ಬೂಟಿನ ಮೇಲೂ ನಂಬಿಕೆ ಇಡಬೇಡಿ, ಸುಣ್ಣ ಹೊಗೆಸೊಪ್ಪಿನ ಪುಡಿಯೇ ಗತಿ. ವೆಲ್ಕ್ರೋಗಿಂತ ಬಕಲ್ ಒಳ್ಳೆಯದು. ಕೆಮ್ಮಣ್ಣು ಮೆತ್ತಿದ ವೆಲ್ಕ್ರೋ ಹಿಡಿಯುವುದೇ ಇಲ್ಲ, ಹಳೇ ಬ್ರಷ್‌ನಿಂದ ಉಜ್ಜಬೇಕು.

ಕೈಯಲ್ಲಿ 15 ಸಾವಿರ ಮಾತ್ರ ಇದ್ದರೆ? ನಾನಾದರೆ ಎಂಟು ಸಾವಿರ ಬೂಟಿಗೆ, ಉಳಿದದ್ದು ಮೆಶ್ ಜಾಕೆಟ್‌ಗೆ ಹಾಕುತ್ತೇನೆ. ರೇನ್ ಜಾಕೆಟ್ ಮುಂದಿನ ಸಂಬಳಕ್ಕೆ. ಹೆಚ್ಚಿನವರು ಹತ್ತು ಹನ್ನೆರಡು ಸಾವಿರ ಜಾಕೆಟ್‌ಗೆ ಸುರಿದು, ಕಾಲಿಗೆ ಕ್ಯಾನ್ವಾಸ್ ಶೂ ಹಾಕಿ ನಂದಿ ಬೆಟ್ಟಕ್ಕೆ ಹೋಗುತ್ತಾರೆ.

ಬೂಟನ್ನು ಸಂಜೆ ಹೊತ್ತು, ದಪ್ಪ ಸಾಕ್ಸ್ ಹಾಕಿಕೊಂಡು ಕೊಳ್ಳಿ. ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ, ಆಗ ಸರಿಹೋದದ್ದೇ ದೂರದ ಪ್ರಯಾಣಕ್ಕೂ ಸರಿ. ಡಿಸ್ಕೌಂಟ್‌ನಲ್ಲಿ ಹಳೇ ಸ್ಟಾಕ್ ಸಿಕ್ಕಿತು ಅಂತ ಹಿಗ್ಗಬೇಡಿ. ಪಾಲಿಯುರೆಥೇನ್ ಅಟ್ಟೆ ತೇವದ ಗಾಳಿಗೆ ವರ್ಷಗಟ್ಟಲೆ ಸುಮ್ಮನೆ ಕೂತರೂ ಒಳಗೇ ಸಡಿಲವಾಗಿ, ಹಾಕಿದ ದಿನವೇ ಪುಡಿಪುಡಿಯಾಗಿ ಉದುರಬಹುದು. ಕರಾವಳಿಯವರು ಇದನ್ನು ಖಂಡಿತ ನೋಡಿಯೇ ಇರುತ್ತಾರೆ. ಅಟ್ಟೆಯ ಅಂಚನ್ನು ಉಗುರಿನಿಂದ ಒತ್ತಿ ನೋಡಿ. ಗುರುತು ಉಳಿದರೆ, ಇಲ್ಲವೇ ಚೂರು ಕಿತ್ತು ಬಂದರೆ, ಎಷ್ಟೇ ಅಗ್ಗವಾದರೂ ವಾಪಸ್ ಇಟ್ಟುಬಿಡಿ.