ಶೈರ್ ಕುದುರೆ ಕೊಳ್ಳುವ ಮೊದಲು ಕಾಲಿನ ಜೂಲು ಸರಿಸಿ ನೋಡಿ

ಶೈರ್ ಕುದುರೆ ಸಾಕುವ ಆಸೆ ಇರುವವರು ದಯವಿಟ್ಟು ಇದನ್ನು ಓದಿ. ನನ್ನ ಹೆಣ್ಣು ಕುದುರೆಯ ಹಿಂಗಾಲುಗಳು ಇನ್ನೆಂದೂ ಪೂರ್ತಿ ಸರಿಹೋಗುವುದಿಲ್ಲ.

ಇಂಗ್ಲೆಂಡಿನ ಈ ಬಂಡಿ ಎಳೆಯುವ ತಳಿ ನೋಡಿದರೆ ಯಾರಾದರೂ ಮರುಳಾಗುತ್ತಾರೆ. ದೊಡ್ಡ ಗಂಡು ಕುದುರೆ ಸುಮಾರು 1 ಟನ್ ತೂಗುತ್ತದೆ, ಭುಜದ ಎತ್ತರವೇ 170 ಸೆಂ.ಮೀ. ದಾಟುತ್ತದೆ. ಸ್ವಭಾವ ಮಾತ್ರ ತುಂಬಾ ಸಾಧು. ನಾನಂತೂ ಕಾಲಿನ ಜೂಲಿಗೇ ಸೋತುಹೋದೆ. ಮಂಡಿಯ ಕೆಳಗಿನಿಂದ ಗೊರಸು ಮುಚ್ಚುವಷ್ಟು ಇಳಿಬಿದ್ದ ಬೆಳ್ಳನೆಯ ಕೂದಲು. ಮಾರುವವರು ಅದನ್ನು ಆಗಷ್ಟೇ ತೊಳೆದು, ಬಾಚಿ, ಬಿಳಿ ಪುಡಿ ಉದುರಿಸಿ ನಿಲ್ಲಿಸಿದ್ದರು. ಕೂದಲನ್ನು ಕಣ್ತುಂಬ ನೋಡಿದೆ. ಅದರ ಅಡಿಯ ಚರ್ಮ ನೋಡಬೇಕು ಅಂತ ಹೊಳೆಯಲೇ ಇಲ್ಲ.

ಮನೆಗೆ ತಂದ ಮೊದಲ ರಾತ್ರಿಯಿಂದಲೇ ಲಾಯದಲ್ಲಿ ಧಡ್ ಧಡ್ ಅಂತ ನೆಲ ಒದೆಯುವ ಸದ್ದು. ಒಂದು ಕಾಲನ್ನು ಇನ್ನೊಂದಕ್ಕೆ ಉಜ್ಜುತ್ತಿತ್ತು. ಮಾರಿದವರನ್ನು ಕೇಳಿದರೆ "ನೊಣದ ಕಾಟ, ಏನೂ ಆಗಲ್ಲ" ಅಂದರು. ನಂಬಿದೆ. ಕೂದಲು ಬಿಳಿಯಾಗೇ ಇರಲಿ ಅಂತ ದಿನಾ ಕಾಲು ತೊಳೆದು, ಒಣಗಿಸದೆ ಹಾಗೇ ಬಿಡುತ್ತಿದ್ದೆ. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ದಟ್ಟ ಜೂಲಿನ ಒಳಗೆ ತೇವ ನಿಂತರೆ ಚರ್ಮ ಕೊಳೆಯುತ್ತದೆ.

ಕೊನೆಗೆ ಪಶುವೈದ್ಯರು ಬಂದು ಜೂಲು ಬೋಳಿಸಿದರು. ಕೂದಲಿನ ಜೊತೆ ಹಕ್ಕಳೆಯೂ ಕಿತ್ತು ಬಂತು. ಕೆಟ್ಟ ವಾಸನೆ. ಗೊರಸಿನ ಮೇಲೆ, ಕಾಲಿನ ಹಿಂಬದಿಯಲ್ಲಿ ಚರ್ಮ ದಪ್ಪಗಾಗಿ ಮಡಿಕೆ ಮಡಿಕೆಯಾಗಿ ಕೂತಿತ್ತು. ಮಡಿಕೆಯೊಳಗೆ ನನ್ನ ಬೆರಳು ತೂರುತ್ತಿತ್ತು, ಒಳಗೆಲ್ಲ ಒದ್ದೆ. ಅಲ್ಲಲ್ಲಿ ಗೋಲಿಯಷ್ಟು ಗಟ್ಟಿ ಗಂಟುಗಳು. ಮುಟ್ಟಿದಾಗ ಆ ದೊಡ್ಡ ಪ್ರಾಣಿ ನಡುಗಿತು.

ಅಲ್ಲಿದ್ದ ತೊಂದರೆ ಎರಡು. ಒಂದು, ಕೋರಿಯಾಪ್ಟಿಸ್ ಅನ್ನುವ ನುಸಿ. ನೆಲ ಒದೆಯುತ್ತಿದ್ದದ್ದು ಅದರ ತುರಿಕೆಗೆ. ಇನ್ನೊಂದು, ಶೈರ್, ಕ್ಲೈಡ್ಸ್‌ಡೇಲ್, ಬೆಲ್ಜಿಯನ್ ತಳಿಗಳಲ್ಲಿ ಕಾಣುವ ಲಿಂಫೆಡೀಮಾ. ಮೈಯ ಅಂಗಾಂಶಗಳಿಂದ ಬಸಿಯುವ ಲಿಂಫ್ ಅನ್ನುವ ನೀರು ಕಾಲಿನಿಂದ ಸರಿಯಾಗಿ ಮೇಲಕ್ಕೆ ಹರಿಯದೆ ಅಲ್ಲೇ ನಿಂತು ಬಾವು ಬರುತ್ತದೆ, ಬರುಬರುತ್ತಾ ಚರ್ಮ ಗಟ್ಟಿಯಾಗುತ್ತದೆ. ಇದನ್ನು ವಾಸಿಮಾಡುವ ಔಷಧಿ ಇಲ್ಲ. ನುಸಿ, ಸೋಂಕು ಹತೋಟಿಯಲ್ಲಿದ್ದರೆ ಕಾಯಿಲೆ ಹೆಚ್ಚುವುದು ನಿಧಾನವಾಗುತ್ತದೆ, ಅಷ್ಟೇ. ಜಂತುಹುಳಕ್ಕೆ ಬಾಯಿಗೆ ಹಾಕುವ ಐವರ್ಮೆಕ್ಟಿನ್ ಪೇಸ್ಟ್ ಸಾಕು ಅಂತ ಸುಮ್ನೆ ಕೂರಬೇಡಿ. ಈ ನುಸಿ ಚರ್ಮದ ಮೇಲಿನ ಹೊಟ್ಟು ತಿಂದು ಬದುಕುವಂಥದ್ದು, ಬಾಯಿಗೆ ಕೊಟ್ಟ ಔಷಧಿಯಿಂದ ಪೂರ್ತಿ ಹೋಗುವುದಿಲ್ಲ. ಜೂಲು ತೆಗೆದು ನುಸಿಯ ಔಷಧಿಯನ್ನು ಹೊರಗಿನಿಂದಲೇ ಹಚ್ಚಬೇಕು. ಜೊತೆಗಿರುವ ಕುದುರೆಗಳಿಗೂ ಒಟ್ಟಿಗೇ ಹಚ್ಚಿ, ಲಾಯದಲ್ಲಿ ಹಾಸಿದ ಹುಲ್ಲು ಪೂರ್ತಿ ಬದಲಿಸಬೇಕು.

ಕೊಳ್ಳಲು ಹೋಗುವಾಗ ಕಾಲು ತೊಳೆಯದೆ ತೋರಿಸಲು ಹೇಳಿ. ಜೂಲಿನೊಳಗೆ ಕೈ ತೂರಿಸಿ ಹಿಂಬದಿಯನ್ನು ಮೇಲಿಂದ ಕೆಳಗೆ ಸವರಿ. ಮಡಿಕೆ, ಗಂಟು, ಹಕ್ಕಳೆ ಸಿಕ್ಕರೆ ಪಶುವೈದ್ಯರಿಗೆ ತೋರಿಸದೆ ಒಪ್ಪಬೇಡಿ. ಮಾರುವವರು ಮುಟ್ಟಲು ಬಿಡದಿದ್ದರೆ ವಾಪಸ್ ಬನ್ನಿ. ದೂರ ನಿಂತು ಅರ್ಧ ಗಂಟೆ ಕುದುರೆ ಕಾಲು ಒದೆಯುತ್ತದೆಯೇ ಅಂತಲೂ ನೋಡಿ.

ನನ್ನ ಕುದುರೆಗೆ ಈಗ ಜೂಲು ಬೆಳೆಯಲು ಬಿಡುವುದಿಲ್ಲ. ದಿನಾ ನಡೆಸುತ್ತೇನೆ. ನಡೆದು ಬಂದಾಗ ಬಾವು ಸ್ವಲ್ಪ ಇಳಿದಿರುತ್ತದೆ. ರಾತ್ರಿಯೆಲ್ಲ ನಿಂತು ಬೆಳಗಾಗುವಷ್ಟರಲ್ಲಿ ಮತ್ತೆ ತುಂಬಿಕೊಂಡಿರುತ್ತದೆ.