ದೊಡ್ಡ ಟೈರಿಗೆ ತಕ್ಕ ಆಕ್ಸಲ್: ಉದ್ಯಮಬಾಗದ ಒಂದು ವರ್ಕ್‌ಶಾಪಿನ ಕೆಲಸ

ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಒಳರಸ್ತೆಯೊಂದರಲ್ಲಿರುವ ಈ ವರ್ಕ್‌ಶಾಪಿನಲ್ಲಿ ನನ್ನ ಹಳೆಯ ಮಹೀಂದ್ರಾ ಎಂಎಂ 540 ಜೀಪಿನ ಎರಡೂ ಆಕ್ಸಲ್‌ಗಳನ್ನು 33 ಇಂಚಿನ ಟೈರುಗಳಿಗೆ ಹೊಂದುವಂತೆ ಮಾಡಿಸಿ ಈಗ ಎಂಟು ತಿಂಗಳಾಗಿವೆ. ಕೆಲಸದ ಒಳ್ಳೆಯದರ ಜೊತೆಗೆ ದೂರುಗಳನ್ನೂ ಬರೆಯಬೇಕಾಗಿರುವುದರಿಂದ ವರ್ಕ್‌ಶಾಪಿನ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಜೀಪಿನ ಕೆಲಸ ಬಲ್ಲವರಿಗೆ ಅದು ಯಾವುದೆಂದು ತಿಳಿಯದೆ ಇರಲಾರದು.

ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಟೈರು ದೊಡ್ಡದಾದರೆ ಸಾಕು, ಜಾಂಬೋಟಿ ಕಡೆಯ ನಮ್ಮ ತೋಟದ ಕೆಂಪು ಜಂಬಿಟ್ಟಿಗೆಯ ಏರುಗಳನ್ನು ಜೀಪು ತಾನಾಗಿಯೇ ಹತ್ತುತ್ತದೆ ಎಂದು ನಂಬಿ, ಆಕ್ಸಲ್ ಮುಟ್ಟದೆಯೇ 33 ಇಂಚಿನ ಮಡ್ ಟೈರುಗಳನ್ನು ಹಾಕಿಸಿದ್ದೆ. ಹಳೆಯ ಟೈರಿನ ಎತ್ತರ ಸುಮಾರು 29 ಇಂಚು ಇತ್ತು. ಎತ್ತರ ನಾಲ್ಕು ಇಂಚು ಹೆಚ್ಚಿದರೂ ಆಕ್ಸಲ್ ನೆಲದಿಂದ ಮೇಲೇಳುವುದು ಅದರ ಅರ್ಧದಷ್ಟು, ಅಂದರೆ ಎರಡೇ ಇಂಚು. ಆ ಎರಡು ಇಂಚಿಗಾಗಿ ತೆತ್ತ ಬೆಲೆ ಮೂರನೆಯ ವಾರದಲ್ಲೇ ಗೊತ್ತಾಯಿತು: ಕಲ್ಲಿನ ಮೆಟ್ಟಿಲೊಂದರ ಮೇಲೆ ಹಿಂದಿನ ಬಲಗಾಲಿ ಗಾಳಿಯಲ್ಲಿ ತಿರುಗುತ್ತಿದ್ದಾಗ ನಾನು ಆಕ್ಸಲರೇಟರ್ ಬಿಡಲಿಲ್ಲ, ಗಾಲಿ ನೆಲಕ್ಕೆ ತಾಗಿದ ಕ್ಷಣದಲ್ಲಿ ಅದನ್ನು ತಿರುಗಿಸುವ ಆಕ್ಸಲ್ ಶಾಫ್ಟ್ ತುಂಡಾಯಿತು. ನನ್ನ ಜೀಪಿನಲ್ಲಿದ್ದಂಥ ಆಕ್ಸಲ್‌ನಲ್ಲಿ ಗಾಲಿಯನ್ನು ಹಿಡಿದಿರುವುದೂ ಅದೇ ಶಾಫ್ಟ್ ಆದ್ದರಿಂದ, ಮುರಿದ ತುಂಡಿನೊಂದಿಗೆ ಗಾಲಿಯೂ ಬ್ರೇಕಿನ ಡ್ರಮ್ಮೂ ಸೇರಿ ಹೊರಕ್ಕೆ ಜಾರಿದವು. ವೇಗ ನಡಿಗೆಯಷ್ಟೇ ಇದ್ದುದರಿಂದ ಯಾರಿಗೂ ಪೆಟ್ಟಾಗಲಿಲ್ಲ.

ವರ್ಕ್‌ಶಾಪಿನ ಮಿಸ್ತ್ರಿಯವರು ಜೀಪನ್ನು ನೋಡುವ ಮೊದಲು ಟೈರನ್ನು ನೋಡಿದರು, ಡಿಸ್ಕ್ (ಟೈರು ಕೂರುವ ಲೋಹದ ಚಕ್ರ) ಸಮೇತ ತೂಕದ ಕಾಟಾದ ಮೇಲಿಟ್ಟರು. ಹಳೆಯದು 26 ಕಿಲೋ, ಹೊಸದು 41 ಕಿಲೋ ಬಂತು. ಅನಂತರ ಡಿಸ್ಕು ಹೊರಕ್ಕೆ ಎಷ್ಟು ಚಾಚಿದೆ ಎಂದು ಅಳೆದರು, ಏಕೆಂದರೆ ಗಾಲಿ ಹೊರಗೆ ಹೋದಷ್ಟೂ ಬೇರಿಂಗಿನ ಮೇಲೆ ಬೀಳುವ ಸನ್ನೆಯ ಭಾರ ಹೆಚ್ಚುತ್ತದೆ. ಆಮೇಲೆ ಅವರು ಕೇಳಿದ ಪ್ರಶ್ನೆಯೇ ಈ ಇಡೀ ಕೆಲಸದ ಬುನಾದಿ ಎಂದು ಈಗ ಅನ್ನಿಸುತ್ತದೆ: “ಸಾಹೇಬ್ರ, ಏನೇ ಗಟ್ಟಿ ಮಾಡಿದ್ರೂ ಒಂದಿಲ್ಲೊಂದು ಮುರೀತೈತ್ರಿ. ಅದು ಎಲ್ಲಿ ಮುರೀಬೇಕು ಅನ್ನೋದು ನೀವು ಮೊದ್ಲ ಹೇಳ್ರಿ.”

ಈ ಮಾತು ಆಗ ನನಗೆ ವಿಚಿತ್ರವಾಗಿ ಕೇಳಿಸಿತು. ಆದರೆ ಲೆಕ್ಕ ಸರಳವಾಗಿದೆ. ಎಂಜಿನ್ನಿನಿಂದ ಗಾಲಿಯವರೆಗೆ ತಿರುಚುವ ಬಲ ಸಾಗುವ ದಾರಿಯಲ್ಲಿ ಗಾಡಿಯ ಅಡಿಯಿಂದ ಆಕ್ಸಲ್‌ವರೆಗೆ ಹೋಗುವ ಪ್ರೊಪೆಲರ್ ಶಾಫ್ಟಿನ ಕ್ರಾಸು (ಅಧಿಕ ಚಿಹ್ನೆಯ ಆಕಾರದ ಕೀಲು), ಪಿನಿಯನ್ನು ಎಂಬ ಚಿಕ್ಕ ಗೇರು, ಅದು ತಿರುಗಿಸುವ ದೊಡ್ಡ ಗೇರಾದ ಕ್ರೌನು, ಎರಡು ಗಾಲಿಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ಲಿನ ಸಣ್ಣ ಗೇರುಗಳು, ಕೊನೆಗೆ ಆಕ್ಸಲ್ ಶಾಫ್ಟು ಸಾಲಾಗಿ ನಿಂತಿವೆ. ಶಾಫ್ಟನ್ನು ಮಾತ್ರ ಗಟ್ಟಿ ಮಾಡಿದರೆ ಮುಂದಿನ ಪೆಟ್ಟು ಪಿನಿಯನ್ನಿಗೆ ಬೀಳುತ್ತದೆ, ಪಿನಿಯನ್ ಹಲ್ಲು ಮುರಿದರೆ ಅದರ ಚೂರುಗಳು ಇಡೀ ಹೌಸಿಂಗನ್ನು (ಆಕ್ಸಲ್‌ನ ಹೊರಕವಚವನ್ನು) ಹಾಳುಮಾಡುತ್ತವೆ, ಆ ರಿಪೇರಿ ತೋಟದಲ್ಲಿ ಆಗುವಂಥದ್ದಲ್ಲ. ಪ್ರೊಪೆಲರ್ ಶಾಫ್ಟಿನ ಕ್ರಾಸು ಹಾಗಲ್ಲ, ಅದು ಹೊರಗೇ ಇದೆ, ಅಗ್ಗವಾಗಿದೆ, ಎರಡು ಸ್ಪಾನರ್ ಮತ್ತು ಒಂದು ಸುತ್ತಿಗೆ ಇದ್ದರೆ ಬದಲಿಸಬಹುದು. ಆದ್ದರಿಂದ ಉಳಿದೆಲ್ಲವನ್ನೂ ಅದಕ್ಕಿಂತ ಗಟ್ಟಿಯಾಗಿಸಿ ಕ್ರಾಸನ್ನು ಮಾತ್ರ ಮೂಲ ಅಳತೆಯಲ್ಲೇ ಬಿಡುವುದೆಂದು ತೀರ್ಮಾನವಾಯಿತು. ಎರಡೂ ಗಾಲಿಗಳು ಒಟ್ಟಿಗೇ ತಿರುಗುವಂತೆ ಬಿಗಿಯುವ ಲಾಕರ್ ಬೇಕೆಂಬ ನನ್ನ ಆಸೆಗೂ ಇದೇ ಲೆಕ್ಕದಲ್ಲಿ ಕಡಿವಾಣ ಬಿತ್ತು. ಸಾಮಾನ್ಯ ಡಿಫರೆನ್ಷಿಯಲ್ ಬಲವನ್ನು ಎರಡೂ ಶಾಫ್ಟುಗಳಿಗೆ ಸಮನಾಗಿ ಹಂಚಿದರೆ, ಲಾಕ್ ಆದಾಗ ಹಿಡಿತ ಸಿಕ್ಕ ಒಂದೇ ಗಾಲಿಯ ಶಾಫ್ಟು ಇಡೀ ಬಲವನ್ನು ಹೊರಬೇಕಾಗಬಹುದು. ಹಿಂದಕ್ಕೆ ಹಾಕೋಣ, ಮುಂದಕ್ಕೆ ಬೇಡ ಎಂದು ಅವರು ಖಡಾಖಂಡಿತವಾಗಿ ಹೇಳಿದರು.

ಇನ್ನು ಹಲ್ಲಿನ ಲೆಕ್ಕ. ನನ್ನ ಜೀಪಿನ ಕ್ರೌನಿನಲ್ಲಿ 47, ಪಿನಿಯನ್ನಿನಲ್ಲಿ 11 ಹಲ್ಲುಗಳಿದ್ದವು, ಅಂದರೆ ಅನುಪಾತ 4.27. ಟೈರಿನ ಎತ್ತರ 29ರಿಂದ 33 ಇಂಚಿಗೆ ಏರಿದಾಗ ಗಾಲಿಯ ಒಂದು ಸುತ್ತಿಗೆ ಸುಮಾರು ಶೇಕಡಾ 14ರಷ್ಟು ಹೆಚ್ಚು ದೂರ ಸಾಗುವುದರಿಂದ, ಅದೇ 4.27 ಹಳೆಯ ಟೈರಿನಲ್ಲಿ 3.75 ಇದ್ದಂತೆ ವರ್ತಿಸುತ್ತದೆ. 2,112 ಸಿಸಿಯ ಹಳೆಯ ಡೀಸೆಲ್ ಎಂಜಿನ್ನು ಮೊದಲ ಗೇರಿನಲ್ಲಿಯೂ ಏದುಸಿರು ಬಿಡುತ್ತಿದ್ದುದಕ್ಕೆ ಇದೇ ಕಾರಣ. ಮೊದಲಿನ ಎಳೆತ ಮರಳಬೇಕಾದರೆ 4.86 ಬೇಕು, ಹಲ್ಲುಗಳು 39 ಮತ್ತು 8 ಇರುವ 4.88ರ ಜೋಡಿ ಅದಕ್ಕೆ ತೀರ ಹತ್ತಿರ ಬರುತ್ತದೆ. ಸ್ಪೀಡೋಮೀಟರಿನ ಕೇಬಲ್ಲು, ಬಲವನ್ನು ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಕಳಿಸುವ ಟ್ರಾನ್ಸ್‌ಫರ್ ಕೇಸಿನಿಂದ ಹೊರಡುವುದರಿಂದ, 60 ತೋರಿಸುತ್ತ 68ರಲ್ಲಿ ಓಡುತ್ತಿದ್ದ ಗಾಡಿಯ ಮುಳ್ಳು ಕೂಡ ಈ ಬದಲಾವಣೆಯಿಂದ ತಾನೇ ಸರಿಯಾಯಿತು. ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ಅನುಪಾತ ಒಂದೇ ಇರಲೇಬೇಕು, ಇಲ್ಲದಿದ್ದರೆ ಫೋರ್ ವೀಲ್ ಹಾಕಿದೊಡನೆ ಎರಡೂ ಆಕ್ಸಲ್‌ಗಳು ಪರಸ್ಪರ ಜಗ್ಗಾಡಿ ಗೇರನ್ನು ಬಿಗಿದುಬಿಡುತ್ತವೆ. ಹೀಗಾಗಿ ಎರಡು ಜೋಡಿಗಳ ಖರ್ಚು ತಪ್ಪಿದ್ದಲ್ಲ.

ವರ್ಕ್‌ಶಾಪಿನ ನಿಜವಾದ ಕಸಬುಗಾರಿಕೆ ಕಂಡದ್ದು ಶಾಫ್ಟುಗಳಲ್ಲಿ. ಫೌಂಡ್ರಿ ಮತ್ತು ಲೇಥ್ ಕೆಲಸಕ್ಕೆ ಹೆಸರಾದ ಈ ಊರಿನಲ್ಲಿ ಉಕ್ಕಿನ ದರ್ಜೆಯ ಬಗ್ಗೆ ಮಾತಾಡುವುದು ಅಕ್ಕಿಯ ತಳಿಯ ಬಗ್ಗೆ ಮಾತಾಡಿದಷ್ಟೇ ಸಹಜ. ಡಿಫರೆನ್ಷಿಯಲ್ಲಿನ ಸೈಡ್ ಗೇರಿನ ರಂಧ್ರ ಇದ್ದಷ್ಟೇ ಇರುವುದರಿಂದ ಶಾಫ್ಟನ್ನು ದಪ್ಪಗೊಳಿಸಲು ಅವಕಾಶವಿರಲಿಲ್ಲ. ದಪ್ಪಗೊಳಿಸಬಹುದಾಗಿದ್ದರೆ ಲಾಭ ದೊಡ್ಡದಿತ್ತು, ಏಕೆಂದರೆ ತಿರುಚನ್ನು ತಾಳುವ ಶಕ್ತಿ ವ್ಯಾಸದ ಘನಕ್ಕೆ ಅನುಗುಣವಾಗಿ ಏರುತ್ತದೆ, ವ್ಯಾಸ ಶೇಕಡಾ 10 ಹೆಚ್ಚಿದರೆ ಶಕ್ತಿ ಶೇಕಡಾ 33 ಹೆಚ್ಚುತ್ತದೆ. ಉಳಿದದ್ದು ಉಕ್ಕನ್ನೇ ಬದಲಿಸುವ ದಾರಿ. ನಿಕ್ಕಲ್, ಕ್ರೋಮಿಯಂ, ಮಾಲಿಬ್ಡಿನಂ ಮೂರೂ ಇರುವ ಇಎನ್ 24 ಉಕ್ಕಿನ ಸಲಾಕೆಗಳನ್ನು ತರಿಸಿ ನಾಲ್ಕು ಶಾಫ್ಟುಗಳನ್ನು ಕಡೆದರು.

ಕಡೆದ ಶಾಫ್ಟನ್ನು ಕೈಗೆತ್ತಿಕೊಂಡು ನೋಡಿದಾಗ ನನಗೆ ಮೋಸವಾಯಿತೆಂದೇ ಅನ್ನಿಸಿತ್ತು. ತುದಿಯ ಸ್ಪ್ಲೈನ್ (ಗೇರಿನೊಳಗೆ ಸಿಕ್ಕಿಕೊಳ್ಳುವ ಉದ್ದುದ್ದ ಹಲ್ಲುಗಳು) ಇರುವಲ್ಲಿ ದಪ್ಪವಾಗಿದ್ದ ಶಾಫ್ಟು ನಡುವಿನ ಉದ್ದಕ್ಕೂ ತುಸು ತೆಳುವಾಗಿತ್ತು. ಗಟ್ಟಿ ಮಾಡಿರೆಂದರೆ ಸವೆಸಿದ್ದೀರಲ್ಲ ಎಂದು ಕೇಳಿದೆ. ಮಿಸ್ತ್ರಿಯವರು ನನ್ನ ಹಳೆಯ ಮುರಿದ ತುಂಡನ್ನು ತಂದು, ಅದು ಸ್ಪ್ಲೈನಿನ ಹಲ್ಲುಗಳು ಮುಗಿಯುವ ಗೆರೆಯಲ್ಲೇ ಕತ್ತರಿಸಿದಂತೆ ಮುರಿದಿರುವುದನ್ನು ತೋರಿಸಿದರು. ನಡುಭಾಗ ದಪ್ಪವಾಗಿದ್ದರೆ ತಿರುಚೆಲ್ಲ ಹಲ್ಲಿನ ಬುಡದಲ್ಲಿ ಒಟ್ಟುಗೂಡಿ ಅಲ್ಲಿಯೇ ಬಿರುಕು ಹುಟ್ಟುತ್ತದೆ, ನಡುಭಾಗವನ್ನು ಹಲ್ಲಿನ ಬುಡದ ವ್ಯಾಸಕ್ಕಿಂತ ಕೂದಲೆಳೆಯಷ್ಟು ಕಡಿಮೆ ಮಾಡಿ, ಸೇರುವಲ್ಲಿ ಚೂಪು ಮೂಲೆಯಿಲ್ಲದೆ ಇಳಿಜಾರಾಗಿಸಿದರೆ ಇಡೀ ಉದ್ದವೇ ಸ್ವಲ್ಪ ಸ್ವಲ್ಪ ತಿರುಚಿಕೊಂಡು ಪೆಟ್ಟನ್ನು ನುಂಗುತ್ತದೆ. ದಪ್ಪವೆಂದರೆ ಗಟ್ಟಿ ಎಂದು ತಿಳಿದಿದ್ದ ನನ್ನಂಥ ಗಿರಾಕಿಗೆ ಇಷ್ಟು ತಾಳ್ಮೆಯಿಂದ ತೋರಿಸಿ ಹೇಳಿದ್ದಕ್ಕೆ ನಾನು ಅವರಿಗೆ ಋಣಿ.

ಉಕ್ಕನ್ನು ಕಾಯಿಸಿ ಗಟ್ಟಿಗೊಳಿಸುವ ಹೀಟ್ ಟ್ರೀಟ್‌ಮೆಂಟಿಗೆ ಶಾಫ್ಟುಗಳು ಹೊರಗೆ ಹೋದವು, ವಾಪಸು ಬಂದಾಗ ನಾಲ್ಕರಲ್ಲಿ ಒಂದು ಸುಮಾರು ಅರ್ಧ ಮಿಲಿಮೀಟರ್ ಬಾಗಿತ್ತು. ಲೇಥಿನ ಎರಡು ಸೆಂಟರುಗಳ ನಡುವೆ ಕೂರಿಸಿ ಡಯಲ್ ಗೇಜ್ ಹಚ್ಚಿ ನನ್ನೆದುರಿಗೇ ತೋರಿಸಿದರು, ನೆಟ್ಟಗೆ ಮಾಡಲು ಪ್ರಯತ್ನಿಸದೆ ಹೊಸದನ್ನೇ ಕಡೆದರು. ಅದರ ಹಣ ಕೇಳಲಿಲ್ಲ, ಆದರೆ ಹತ್ತು ದಿನ ತಿಂದಿತು.

ಹಿಂದಿನ ಆಕ್ಸಲನ್ನು ಫುಲ್ ಫ್ಲೋಟಿಂಗ್ ಮಾಡಿಸಿದ್ದು ಈ ಕೆಲಸದಲ್ಲಿ ಅತಿ ದುಬಾರಿಯ ಭಾಗ. ಹೌಸಿಂಗಿನ ಎರಡೂ ತುದಿಗಳನ್ನು ಕತ್ತರಿಸಿ, ಸ್ಪಿಂಡಲ್ ಎಂಬ ಟೊಳ್ಳು ತುದಿಗಳನ್ನು ಕೂರಿಸಿ, ಗಾಲಿ ಕೂರುವ ಹಬ್ ಅನ್ನು ಎರಡು ಬೇರಿಂಗುಗಳ ಮೇಲೆ ನಿಲ್ಲಿಸಿದ ಮೇಲೆ ಗಾಡಿಯ ಭಾರವೆಲ್ಲ ಹೌಸಿಂಗಿನ ಪಾಲಾಗಿ, ಶಾಫ್ಟಿಗೆ ತಿರುಗಿಸುವ ಕೆಲಸವೊಂದೇ ಉಳಿಯುತ್ತದೆ. ಶಾಫ್ಟು ಮುರಿದರೂ ಗಾಲಿ ಕಳಚುವುದಿಲ್ಲ, ಜಾಕ್ ಹಾಕದೆಯೇ ಶಾಫ್ಟನ್ನು ಎಳೆದು ತೆಗೆದು ಮುಂದಿನ ಗಾಲಿಗಳ ಎಳೆತದಲ್ಲಿ ಮನೆ ಸೇರಬಹುದು. ವೆಲ್ಡಿಂಗಿನ ಶಾಖಕ್ಕೆ ಕೊಳವೆ ಸೊಟ್ಟಗಾಗದಿರಲೆಂದು ಬೇರಿಂಗು ಕೂರುವ ರಂಧ್ರಗಳ ಮೂಲಕ ನೇರ ಸಲಾಕೆಯೊಂದನ್ನು ತೂರಿಸಿ, ಎದುರುಬದುರು ತುಂಡು ತುಂಡಾಗಿ ಬೆಸೆದು, ನಡುನಡುವೆ ಆರಲು ಬಿಟ್ಟು ಒಂದೂವರೆ ದಿನ ತೆಗೆದುಕೊಂಡರು. ಕ್ರೌನ್ ಪಿನಿಯನ್ ಕೂರಿಸಿದಾಗಲೂ ಇದೇ ಶ್ರದ್ಧೆ: ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳುವವರೆಗೆ ಶಿಮ್ ಎಂಬ ತೆಳು ಬಿಲ್ಲೆಗಳನ್ನು ಬದಲಿಸುತ್ತ, ಹಲ್ಲುಗಳ ನಡುವಿನ ಸಡಿಲವನ್ನು 0.18 ಮಿಲಿಮೀಟರಿಗೆ ತಂದು ನಿಲ್ಲಿಸಿದರು. ಇಂದಿಗೂ ಆಕ್ಸಲ್‌ನಿಂದ ಸೀಟಿಯಂಥ ಸದ್ದು ಬಂದಿಲ್ಲ.

ಮುಂದಿನ ಆಕ್ಸಲ್‌ನಲ್ಲಿ ಗಟ್ಟಿ ಶಾಫ್ಟು, ಆ ಶಾಫ್ಟಿನ ಕೀಲಿಗೆ ಹೊಸ ಕ್ರಾಸು, ಅದರ ಕ್ಯಾಪು ಹಾರದಂತೆ ಪೂರ್ತಿ ಸುತ್ತಿನ ಕ್ಲಿಪ್ಪು ಇಷ್ಟೇ ಬದಲಾವಣೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಕ್ರಾಸಿನ ಕೋನ ಹೆಚ್ಚಿ ಅದರ ಬಲ ಕುಗ್ಗುವುದರಿಂದ ಸ್ಟಾಪರ್ ಬೋಲ್ಟನ್ನು ತುಸು ಹೊರಗೆ ತಂದಿದ್ದಾರೆ. ಹೀಗಾಗಿ ಮೊದಲು ಒಂದೇ ಸಲಕ್ಕೆ ತಿರುಗುತ್ತಿದ್ದ ತೋಟದ ಗೇಟಿನಲ್ಲಿ ಈಗ ಒಮ್ಮೆ ಹಿಂದಕ್ಕೆ ತೆಗೆದುಕೊಳ್ಳಬೇಕು.

ದೂರುಗಳಿಗೆ ಬರುತ್ತೇನೆ. ಮೂರು ವಾರವೆಂದು ಹೇಳಿದ ಕೆಲಸ ಏಳು ವಾರವಾಯಿತು, ಫೋನಿಗೆ ಉತ್ತರ ಸಿಗುತ್ತಿದ್ದುದು ಅಪರೂಪ. ಅದನ್ನು ಸಹಿಸಬಹುದು. ಸಹಿಸಲಾಗದ್ದು ಬ್ರೇಕಿನ ವಿಷಯ. ಗಾಲಿ ದೊಡ್ಡದಾದಾಗ ಅದೇ ಡ್ರಮ್ಮು ನೆಲದ ಮೇಲೆ ಒದಗಿಸುವ ತಡೆ ಎತ್ತರದ ಲೆಕ್ಕದಲ್ಲೇ ಕಡಿಮೆಯಾಗುತ್ತದೆ, ಜೊತೆಗೆ ಪ್ರತಿ ಗಾಲಿಗೆ 15 ಕಿಲೋ ಹೆಚ್ಚಿನ ತೂಕ ತಿರುಗುತ್ತಿರುತ್ತದೆ. ಶಾಫ್ಟಿನ ಬಗ್ಗೆ ಇಷ್ಟು ಯೋಚಿಸಿದ ವರ್ಕ್‌ಶಾಪು ಬ್ರೇಕಿನ ಬಗ್ಗೆ ಒಂದು ಮಾತೂ ಹೇಳದೆ ಹಳೆಯ ಶೂಗಳನ್ನೇ ಹಾಕಿ ಗಾಡಿ ಕೊಟ್ಟಿತು, ಇಳಿಜಾರಿನಲ್ಲಿ ಪೆಡಲ್ ತುಳಿದಾಗ ನನ್ನ ಎದೆ ಝಲ್ಲೆಂದಿತು. ಎರಡನೆಯದು, ಪಾಟಾಗಳನ್ನು (ಪಟ್ಟಿ ಸ್ಪ್ರಿಂಗುಗಳನ್ನು) ಎತ್ತರಿಸಿದ ಮೇಲೆ, ಪ್ರೊಪೆಲರ್ ಶಾಫ್ಟು ಸೇರುವ ಪಿನಿಯನ್ನಿನ ಮೂತಿಯ ಕೋನವನ್ನು ಸರಿಪಡಿಸಿರಲಿಲ್ಲ. ವೇಗ ಗಂಟೆಗೆ 45 ಕಿಲೋಮೀಟರ್ ದಾಟಿದೊಡನೆ ನೆಲವೆಲ್ಲ ನಡುಗುತ್ತಿತ್ತು. ದೂರಿದ ಮೇಲೆ ಪಾಟಾ ಮತ್ತು ಆಕ್ಸಲ್‌ನ ನಡುವೆ ಉಕ್ಕಿನ ಬೆಣೆ ಕೊಟ್ಟು ಪುಕ್ಕಟೆಯಾಗಿ ಸರಿಪಡಿಸಿದರು. ಬ್ರೇಕಿಗೆ ಮಾತ್ರ ಇನ್ನೂ ದಿನ ಗೊತ್ತುಮಾಡಿಲ್ಲ. ಟೈರುಗಳನ್ನು ಬಿಟ್ಟು ಒಟ್ಟು ಬಿಲ್ಲು 1,62,000 ರೂಪಾಯಿ, ಅದರಲ್ಲಿ ಕೂಲಿ 38,000. ಕೂಲಿ ಹೆಚ್ಚೆಂದು ನಾನು ಹೇಳಲಾರೆ.

ಇದನ್ನು ಓದಿ ಮಾಡಿಸಬೇಕೆನ್ನುವವರಿಗೆ ಒಂದು ಎಚ್ಚರಿಕೆ. ತಯಾರಕರು ನಿಗದಿಪಡಿಸಿದ ಮೂಲ ಸ್ವರೂಪಕ್ಕೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನಿರ್ಬಂಧಿಸುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೂಡ ಇದನ್ನು ಎತ್ತಿಹಿಡಿದಿದೆ. ನನ್ನ ಜೀಪು ತೋಟದ ಬೇಲಿಯೊಳಗೆ ಮಾತ್ರ ಓಡುತ್ತದೆ, ಬೇರೆಡೆಗೆ ಹೋಗುವಾಗ ಲಾರಿಯ ಮೇಲೆ ಹೋಗುತ್ತದೆ. ಜಾಂಬೋಟಿ ಇರುವ ಖಾನಾಪುರ ತಾಲೂಕಿನಲ್ಲಿ ಭೀಮಗಡ ಅಭಯಾರಣ್ಯವಿದೆ, ಕಾಡಿನ ದಾರಿಯಲ್ಲಿ ಗಾಡಿಯ ತಾಕತ್ತು ತೋರಿಸುವ ಹುಮ್ಮಸ್ಸು ಯಾರಿಗೂ ಬೇಡ.

ಜೀಪನ್ನು ಎರಡು ಬಗೆಯ ನೆಲದಲ್ಲಿ ಪರೀಕ್ಷಿಸಿದ್ದೇನೆ. ಬೈಲಹೊಂಗಲ ಕಡೆಯ ನೆಂಟರ ಹೊಲದ ಎರೆಮಣ್ಣಿನಲ್ಲಿ, ಮಳೆಯಾದ ಮರುದಿನ, ಟೈರಿನ ಸಂದುಗಳೆಲ್ಲ ಮೆತ್ತಿಕೊಂಡು ನಾಲ್ಕೂ ಗಾಲಿಗಳು ನುಣ್ಣನೆಯ ಮಣ್ಣಿನ ಉಂಡೆಗಳಾದವು. ಅಲ್ಲಿ ಆಕ್ಸಲ್‌ನ ಬಲಕ್ಕೆ ಕೆಲಸವೇ ಇರಲಿಲ್ಲ, ಟ್ರ್ಯಾಕ್ಟರ್ ಕರೆಸಬೇಕಾಯಿತು. ಜಾಂಬೋಟಿಯ ಕಲ್ಲಿನ ಏರಿನಲ್ಲಿ ಮಾತ್ರ ಖರ್ಚಿನ ಫಲ ಕಂಡಿತು. ಶಾಫ್ಟು ಮುರಿದಿದ್ದ ಅದೇ ಮೆಟ್ಟಿಲನ್ನು ಮೊದಲ ಗೇರಿನ ಲೋ ರೇಂಜಿನಲ್ಲಿ, ಕಾಲು ಒತ್ತದೆಯೇ, ಎಂಜಿನ್ನಿನ ಸಹಜ ನಡಿಗೆಯಲ್ಲೇ ಹತ್ತಿತು. ಹದಿನೈದು ದಿನಗಳ ಬಳಿಕ ಇನ್ನೊಂದು ಕಲ್ಲಿನಲ್ಲಿ ನಾನು ಹಳೆಯ ಚಾಳಿಯಂತೆ ಆಕ್ಸಲರೇಟರ್ ಒತ್ತಿದಾಗ ಟಪ್ಪೆಂದು ಸದ್ದಾಯಿತು. ಇಳಿದು ನೋಡಿದರೆ ಮುರಿದಿದ್ದದ್ದು ಹಿಂದಿನ ಪ್ರೊಪೆಲರ್ ಶಾಫ್ಟಿನ ಕ್ರಾಸು. ಪೆಟ್ಟಿಗೆಯಲ್ಲಿದ್ದ ಹೊಸದನ್ನು ಹಾಕಲು ಮುಕ್ಕಾಲು ಗಂಟೆ ಹಿಡಿಯಿತು.

ಆ ಮುರಿದ ಕ್ರಾಸನ್ನು ಹಿಡಿದುಕೊಂಡು, ಬ್ರೇಕಿನ ತಕರಾರನ್ನೂ ಮತ್ತೆ ಎತ್ತಬೇಕೆಂದು ವರ್ಕ್‌ಶಾಪಿಗೆ ಹೋದೆ. ಮಿಸ್ತ್ರಿಯವರು ಅದನ್ನು ಅಂಗೈಯಲ್ಲಿ ಎರಡು ಸಲ ತಿರುಗಿಸಿ ನೋಡಿ ಬೆಂಚಿನ ಮೇಲಿಟ್ಟು, ನಾನು ಬಾಯಿ ತೆರೆಯುವ ಮೊದಲೇ ಕೇಳಿದರು: “ಐದನೂರು ಕಿಲೋಮೀಟರಿಗೆ ಗೇರ್ ಆಯಿಲ್ ಬದಲಿ ಮಾಡಂತ ಹೇಳಿದ್ದೆ, ಮಾಡೀರೇನ್ರಿ?” ನಾನು ಮಾಡಿಸಿರಲಿಲ್ಲ.