2011ರ ಜನಗಣತಿಯ ಗ್ರಾಮವಾರು ಕೋಷ್ಟಕ: ಬಳಸಿ ನೋಡಿದ ಒಬ್ಬ ಗಣತಿದಾರನ ವಿಮರ್ಶೆ

ಭಾರತದ ಜನಗಣತಿಯ ಅಧಿಕೃತ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದಾದ ಎರಡು ಕಡತಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಒಂದು, ಪ್ರತಿ ಗ್ರಾಮದ ಮನೆ, ಜನ, ಅಕ್ಷರಸ್ಥರು ಮತ್ತು ದುಡಿಯುವವರ ಲೆಕ್ಕವನ್ನು ಒಂದೊಂದು ಸಾಲಿನಲ್ಲಿ ಕೊಡುವ 2011ರ ಪ್ರಾಥಮಿಕ ಜನಗಣತಿ ಸಾರಾಂಶ. ಇನ್ನೊಂದು, ಜಿಲ್ಲಾ ಜನಗಣತಿ ಕೈಪಿಡಿ. ನಾನು ಶಿಕ್ಷಕನಾಗಿದ್ದಾಗ 2011ರಲ್ಲಿ ಗಣತಿದಾರನಾಗಿ ಮನೆಮನೆ ತಿರುಗಿದವನು. ಹೀಗಾಗಿ ಈ ಸಾಲುಗಳ ಹಿಂದಿರುವ ದುಡಿಮೆಯ ಬಗ್ಗೆ ನನಗೆ ಗೌರವವಿದೆ, ಅವುಗಳಲ್ಲಿ ಕಾಣದೆ ಹೋದವರ ಬಗ್ಗೆ ಸಂಕಟವೂ ಇದೆ.

ಕೋಷ್ಟಕದ ಅಗತ್ಯ ನನಗೆ ಬಿದ್ದದ್ದು ಕಲ್ಯಾಣ ಕರ್ನಾಟಕದ ಒಂದು ತಾಂಡಾಕ್ಕೆ ಅಂಗನವಾಡಿ ಕೇಳಿ ಅರ್ಜಿ ಬರೆದುಕೊಟ್ಟಾಗ. ಗ್ರಾಮೀಣ ಪ್ರದೇಶದಲ್ಲಿ 400ರಿಂದ 800 ಜನರಿಗೆ ಒಂದು ಅಂಗನವಾಡಿ ಎಂಬುದು ಮಾನದಂಡ. ತಾಂಡಾದ ಹುಡುಗರು ಮನೆಮನೆಗೆ ಹೋಗಿ ಹೆಸರು ಬರೆದು ತಂದಿದ್ದರು, ಪಡಿತರ ಚೀಟಿಗಳ ನಕಲುಗಳನ್ನೂ ಲಗತ್ತಿಸಿದ್ದರು. ಸಂಬಂಧಪಟ್ಟ ಕಚೇರಿಯಿಂದ ಅರ್ಜಿ ವಾಪಸು ಬಂತು. ಜನಗಣತಿಯ ಪ್ರಕಾರ ಜನಸಂಖ್ಯೆ ನಮೂದಿಸಿ ಎಂಬ ಒಂದು ಸಾಲಿನ ಷರಾ ಅದರ ಮೇಲಿತ್ತು.

ಆ ಷರಾ ಬರೆದವರನ್ನು ನಾನು ದೂರುವುದಿಲ್ಲ, ಏಕೆಂದರೆ ಕಾನೂನಿನ ಭಾಷೆಯಲ್ಲಿ ಜನಸಂಖ್ಯೆ ಎಂದರೆ ಈಗ ಊರಿನಲ್ಲಿ ವಾಸಿಸುತ್ತಿರುವ ಜನರ ಸಂಖ್ಯೆಯಲ್ಲ. ಪಂಚಾಯತಿಗಳಿಗೆ ಸಂಬಂಧಿಸಿದ ಸಂವಿಧಾನದ 243ನೇ ಅನುಚ್ಛೇದ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಅಂಕಿಅಂಶಗಳು ಪ್ರಕಟವಾಗಿರುವ ಹಿಂದಿನ ಜನಗಣತಿಯಲ್ಲಿ ಕಂಡುಬಂದ ಸಂಖ್ಯೆಯೇ ಜನಸಂಖ್ಯೆ. ಲೋಕಸಭೆಗೆ ಸಂಬಂಧಿಸಿದ 81ನೇ ಅನುಚ್ಛೇದದಲ್ಲೂ ಇದೇ ಅರ್ಥವಿದೆ, ಆದರೆ ಅಲ್ಲಿ ಇನ್ನೊಂದು ಬಿಗಿಯೂ ಸೇರಿದೆ. 2026ರ ನಂತರದ ಮೊದಲ ಜನಗಣತಿಯ ಅಂಕಿಗಳು ಪ್ರಕಟವಾಗುವವರೆಗೆ ರಾಜ್ಯಗಳ ನಡುವೆ ಸ್ಥಾನ ಹಂಚಿಕೆಗೆ 1971ರ ಸಂಖ್ಯೆ, ರಾಜ್ಯದೊಳಗೆ ಕ್ಷೇತ್ರಗಳ ವಿಂಗಡಣೆಗೆ 2001ರ ಸಂಖ್ಯೆ ಎಂದು ಅದು ನಿಗದಿಪಡಿಸಿದೆ. ಅಂದರೆ ಕರ್ನಾಟಕಕ್ಕೆ 28 ಲೋಕಸಭಾ ಸ್ಥಾನಗಳು ಎಂಬ ಲೆಕ್ಕದ ಬೇರು 1971ರಲ್ಲಿದೆ, ಗ್ರಾಮ ಪಂಚಾಯತಿಯ ಲೆಕ್ಕದ ಬೇರು 2011ರಲ್ಲಿದೆ. ಮತದಾರರ ಪಟ್ಟಿ 18 ತುಂಬಿದವರದ್ದು, ಪಡಿತರ ಚೀಟಿ ಅರ್ಜಿ ಹಾಕಿದವರದ್ದು. ಅವು ಎಷ್ಟೇ ಹೊಸದಾಗಿದ್ದರೂ ಈ ಅರ್ಥದಲ್ಲಿ ಜನಸಂಖ್ಯೆ ಆಗುವುದಿಲ್ಲ.

ಹೀಗಾಗಿ ಕೋಷ್ಟಕವನ್ನು ಇಳಿಸಿಕೊಂಡೆ. ಬಳಸುವವರು ಮೊದಲು ತಿಳಿದಿರಬೇಕಾದದ್ದು, ಇಲ್ಲಿ ಕಲಬುರಗಿ ಎಂದು ಹುಡುಕಿದರೆ ಸಿಗುವುದಿಲ್ಲ. ಜಿಲ್ಲೆಗಳ ಹೆಸರು ಬದಲಾದದ್ದು 2014ರ ನವೆಂಬರ್ 1ರಂದು, ಕಡತವಿರುವುದು 2011ರದ್ದು. ಆದ್ದರಿಂದ ಗುಲ್ಬರ್ಗಾ, ಬಿಜಾಪುರ, ಬೆಲ್ಗಾಂ ಎಂದೇ ಹುಡುಕಬೇಕು. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಊರುಗಳು ಬಳ್ಳಾರಿಯಲ್ಲಿವೆ. ಊರಿನ ಹೆಸರುಗಳು ಇಂಗ್ಲಿಷ್ ಲಿಪಿಯಲ್ಲಿರುವುದರಿಂದ ಒಂದೇ ಹೆಸರಿನ ಎರಡು ಹಳ್ಳಿಗಳನ್ನು ಬೇರ್ಪಡಿಸಲು ಆರು ಅಂಕಿಯ ಗ್ರಾಮ ಸಂಕೇತವೇ ಆಧಾರ. ಅದನ್ನು ಬರೆದಿಟ್ಟುಕೊಂಡರೆ ಮುಂದಿನ ಕೆಲಸ ಸುಲಭವಾಗುತ್ತದೆ.

ಕೈಪಿಡಿಯಂತೂ ನಿಜಕ್ಕೂ ಉಪಯುಕ್ತ. ಊರಿನಲ್ಲಿ ಇಲ್ಲದ ಸೌಲಭ್ಯ ಎಷ್ಟು ದೂರದಲ್ಲಿದೆ ಎಂಬುದನ್ನು ಅದು ಮೂರು ಅಕ್ಷರಗಳಲ್ಲಿ ಹೇಳುತ್ತದೆ: ಎ ಎಂದರೆ 5 ಕಿಲೋಮೀಟರಿನೊಳಗೆ, ಬಿ ಎಂದರೆ 5ರಿಂದ 10, ಸಿ ಎಂದರೆ 10ಕ್ಕಿಂತ ಹೆಚ್ಚು. ಆಸ್ಪತ್ರೆಯ ಕಾಲಮಿನಲ್ಲಿ ಸಾಲುಸಾಲಾಗಿ ಸಿ ಬಿದ್ದಿರುವ ಪುಟವನ್ನು ಅರ್ಜಿಗೆ ಲಗತ್ತಿಸಿದರೆ ಬೇರೆ ವಿವರಣೆಯ ಅಗತ್ಯವೇ ಬೀಳುವುದಿಲ್ಲ.

ಆದರೆ ನಮ್ಮ ತಾಂಡಾ ಎಲ್ಲೂ ಸಿಗಲಿಲ್ಲ. ಕೋಷ್ಟಕದ ಘಟಕ ಕಂದಾಯ ಗ್ರಾಮ, ಅಂದರೆ ಕಂದಾಯ ದಾಖಲೆಯಲ್ಲಿ ಪ್ರತ್ಯೇಕ ಗ್ರಾಮವೆಂದು ಗುರುತಿಸಿದ ಊರು. ಜನವಸತಿಯೇ ಇಲ್ಲದ ಬೇಚರಾಕ್ ಗ್ರಾಮಕ್ಕೂ ಇಲ್ಲಿ ಸೊನ್ನೆಗಳು ತುಂಬಿದ ಒಂದು ಸಾಲಿದೆ. ಜನರಿಂದ ತುಂಬಿದ ತಾಂಡಾಕ್ಕೆ, ಗೊಲ್ಲರಹಟ್ಟಿಗೆ ಅದು ಕಂದಾಯ ಗ್ರಾಮವಾಗಿರದಿದ್ದರೆ ಸಾಲಿಲ್ಲ, ಅದರ ಜನ ಮೂಲ ಗ್ರಾಮದ ಮೊತ್ತದಲ್ಲಿ ಕರಗಿಹೋಗಿರುತ್ತಾರೆ. ಈ ಕೋಷ್ಟಕದ ಅತಿ ದೊಡ್ಡ ಕೊರತೆ ಇದು ಎಂಬುದು ನನ್ನ ಖಚಿತ ಅಭಿಪ್ರಾಯ.

ಎಣಿಕೆಯ ನಿಯಮದಿಂದಲೂ ತಾಂಡಾಕ್ಕೆ ನಷ್ಟವಾಗಿದೆ. 1931ರವರೆಗೆ ದೇಶದಲ್ಲಿ ಒಂದೇ ರಾತ್ರಿ ಎಣಿಸುವ ಪದ್ಧತಿಯಿತ್ತು. 2011ರಲ್ಲಿ ನಾವು ಎಣಿಸಿದ್ದು ಫೆಬ್ರುವರಿ 9ರಿಂದ 28ರವರೆಗೆ. ಆ ಇಪ್ಪತ್ತು ದಿನಗಳಲ್ಲಿ ಯಾವಾಗಲಾದರೂ ತನ್ನ ಸಾಮಾನ್ಯ ವಾಸಸ್ಥಳದಲ್ಲಿದ್ದವರನ್ನು ಅಲ್ಲಿಯೇ ಎಣಿಸಬೇಕು, ಅಷ್ಟೂ ದಿನ ಹೊರಗಿದ್ದವರನ್ನು ಅವರು ಸಿಕ್ಕ ಜಾಗದಲ್ಲಿ ಎಣಿಸಬೇಕು ಎಂಬುದು ನಿಯಮ. 28ರ ರಾತ್ರಿ ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಮಲಗಿದ್ದ ಮನೆಯಿಲ್ಲದವರನ್ನು ಎಣಿಸಿದೆವು. ಮಾರ್ಚ್ 1ರಿಂದ 5ರವರೆಗೆ ಮತ್ತೆ ಮನೆಗಳಿಗೆ ಹೋಗಿ, ಮಾರ್ಚ್ 1ರ ಶೂನ್ಯ ವೇಳೆಗೆ, ಅಂದರೆ ಆ ದಿನ ಶುರುವಾಗುವ ನಡುರಾತ್ರಿಗೆ, ಮುಂಚೆ ಹುಟ್ಟಿದ ಮಗುವನ್ನು ಸೇರಿಸಿ, ಸತ್ತವರ ಹೆಸರು ತೆಗೆದೆವು. ನಿಯಮದಲ್ಲಿ ತಪ್ಪಿಲ್ಲ, ಒಬ್ಬರನ್ನು ಎರಡು ಸಲ ಎಣಿಸದಿರಲು ಅದು ಬೇಕು. ಆದರೆ ದೀಪಾವಳಿ ಮುಗಿಸಿ ಪುಣೆ, ಮುಂಬೈಗಳಿಗೆ ಗುಳೆ ಹೋದ ತಾಂಡಾದ ಕುಟುಂಬ ಮರಳುವುದು ಯುಗಾದಿಯ ಹೊತ್ತಿಗೆ. ಅವರು ಪುಣೆಯ ಜನಸಂಖ್ಯೆಯಾದರು, ಅವರ ಮಕ್ಕಳಿಗೆ ಅಂಗನವಾಡಿ ಬೇಕಾದದ್ದು ಇಲ್ಲಿ.

ಹೀಗಿದ್ದರೂ ಈ ಅಂಕಿಗಳ ಹಿಂದಿನ ಕಾನೂನು ಮನೆಯೊಳಗಿನ ಬದುಕನ್ನು ಬಲ್ಲದ್ದು. ಒಂದೇ ಅಡುಗೆಯನ್ನು ಉಣ್ಣುವವರು ಒಂದು ಕುಟುಂಬ. ಒಂದೇ ಸೂರಿನಡಿ ಅಣ್ಣತಮ್ಮಂದಿರ ಒಲೆ ಬೇರೆಯಾಗಿದ್ದರೆ ನಾವು ಎರಡು ಕುಟುಂಬ ಎಂದು ಬರೆಯುತ್ತಿದ್ದೆವು. 1948ರ ಜನಗಣತಿ ಕಾಯ್ದೆಯ 8ನೇ ಪ್ರಕರಣದ ಪ್ರಕಾರ ಗಂಡನ ಹೆಸರು ಹೇಳುವಂತೆ ಯಾವ ಹೆಣ್ಣುಮಗಳನ್ನೂ ಬಲವಂತಪಡಿಸುವಂತಿಲ್ಲ. ಒಬ್ಬ ಅಜ್ಜಿ ‘ನಮ್ಮ ಮನೆಯವರು’ ಎಂದಷ್ಟೇ ಹೇಳಿ ಸೆರಗು ಬಾಯಿಗಿಟ್ಟುಕೊಂಡಾಗ, ಪಕ್ಕದಲ್ಲಿದ್ದ ಮೊಮ್ಮಗಳು ಆ ಹೆಸರನ್ನು ನನ್ನ ಕಿವಿಯಲ್ಲಿ ಹೇಳಿದ್ದು ಇನ್ನೂ ನೆನಪಿದೆ. ನಾವು ಬರೆದ ಆ ನಮೂನೆಗಳನ್ನು ಯಾರೂ ತೆಗೆದು ನೋಡುವಂತಿಲ್ಲ, ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು 15ನೇ ಪ್ರಕರಣ ಕಾಯುತ್ತದೆ. ಈ ಭರವಸೆ ಇದ್ದುದರಿಂದಲೇ ಜನ ಬಾಗಿಲು ತೆರೆದರು.

ಕೋಷ್ಟಕ ಹಳೆಯದಾಗಿರುವುದು ಅದರ ತಪ್ಪಲ್ಲ. 2025ರ ಜೂನ್ 16ರ ಅಧಿಸೂಚನೆಯ ಪ್ರಕಾರ ಮುಂದಿನ ಜನಗಣತಿಯ ಆಧಾರ ವೇಳೆ, ಅಂದರೆ ಯಾವ ಕ್ಷಣದ ಜನಸಂಖ್ಯೆಯನ್ನು ಲೆಕ್ಕಕ್ಕೆ ಹಿಡಿಯುತ್ತಾರೋ ಆ ಕ್ಷಣ, 2027ರ ಮಾರ್ಚ್ 1ರ ಶೂನ್ಯ ವೇಳೆ. ಅದರ ಅಂಕಿಗಳು ಪ್ರಕಟವಾಗುವ ದಿನದವರೆಗೆ ಅರ್ಜಿ ಬರೆಯುವವರು ಈ ಕಡತವನ್ನೇ ನಂಬಬೇಕು. ನಾನು ಮಾಡಿದ್ದು ಇಷ್ಟು: ಮೂಲ ಗ್ರಾಮದ ಸಾಲನ್ನು ಅದರ ಸಂಕೇತದೊಂದಿಗೆ ಮುದ್ರಿಸಿ, ತಾಂಡಾ ಆ ಗ್ರಾಮದ ಭಾಗವೆಂಬ ಗ್ರಾಮ ಲೆಕ್ಕಿಗರ ದೃಢೀಕರಣವನ್ನೂ ಹುಡುಗರು ಬರೆದು ತಂದ ಹೆಸರುಗಳ ಪಟ್ಟಿಯನ್ನೂ ಜೊತೆಗಿಟ್ಟು ಅರ್ಜಿಯನ್ನು ಮತ್ತೆ ಸಲ್ಲಿಸಿದೆ. ಈ ಸಲ ಅದು ವಾಪಸು ಬರಲಿಲ್ಲ.